ಸೋಮವಾರ ಕಡಿದ ಪತ್ರೆ

ಯುಗಾದಿ ಹಬ್ಬಕ್ಕೆ ಪೂರ್ತಿ ಮನೆ ಬಲೆ ಹೊಡೆಯದ ಹೆಂಗಸು ಮಾಂಬಳ್ಳಿಯಲ್ಲಿ ಯಾರಾದರೂ ಇದ್ದರೆ ಅವಳು ಶಿವರತ್ನಮ್ಮ ಒಬ್ಬಳೇ. ಸೋಮಾರಿ ಅಂದುಕೊಳ್ಳಬೇಡಿ. ನಡುಮನೆ, ಪಡಸಾಲೆ, ದೇವರ ಕೋಣೆ, ಅಟ್ಟ ಎಲ್ಲ ಕಡೆಯೂ ಉದ್ದನೆಯ ಗಳುವಿಗೆ ಪೊರಕೆ ಕಟ್ಟಿಕೊಂಡು ಮೂಲೆಮೂಲೆ ಬಳಿದು ಬರುವವಳೇ. ಹಿತ್ತಿಲ ಸೂರಿನ ಕೆಳಗೆ ಬಂದ ಕೂಡಲೇ ಪೊರಕೆ ಗೋಡೆಗೆ ಒರಗಿಸಿಬಿಡುತ್ತಿದ್ದಳು. ಅಲ್ಲಿಯ ಜೇಡರ ಬಲೆಯನ್ನು ಒಂದು ಹಕ್ಕಿಗೆ ಅಂತ ಬಿಟ್ಟಿರುತ್ತಿದ್ದಳು.

ಹೆಬ್ಬೆಟ್ಟಿನಷ್ಟು ಹಕ್ಕಿ ಅದು. ಹೂವಿನ ರಸ ಹೀರುವ ಜಾತಿ, ಸೂರಕ್ಕಿ ಅಂತ ಅದರ ಹೆಸರು ಎಂದು ಮಗಳು ಕೋಮಲ ಹೇಳಿದ್ದಳು. ಗಂಡಿನ ನೆತ್ತಿಯಲ್ಲಿ ಮಿರಿಮಿರಿ ಹಸಿರು, ಹೊಟ್ಟೆ ಹಳದಿ. ಹೆಣ್ಣು ಪಾಪ ಬೂದು ಬಣ್ಣದ್ದು, ಗೂಡು ಕಟ್ಟುವ ಕೆಲಸವೆಲ್ಲ ಅದರ ತಲೆಗೇ. ಸೂರಿನ ಕೆಳಗೆ ಬಂದು ಬಲೆಯ ಎಳೆ ಎಳೆದುಕೊಂಡು ಹೋಗಿ, ಬಚ್ಚಲ ನೀರು ಹರಿಯುವ ಕಡೆ ನಿಂತಿದ್ದ ಪತ್ರೆಮರದ ಕೆಳಗಿನ ಕೊಂಬೆಗೆ ಸುತ್ತುತ್ತಿತ್ತು. ಅದಕ್ಕೆ ತೊಗಟೆಯ ಚೂರು, ಒಣಗಿದ ಹುಳ, ಹತ್ತಿ, ಅತ್ತೆ ಚನ್ನಾಜಮ್ಮ ಬಾಚಿ ಎಸೆದ ಬಿಳಿಕೂದಲು, ಸಿಕ್ಕಿದ್ದೆಲ್ಲ ಸೇರಿಸಿ ಹದಿನೈದು ದಿನದಲ್ಲಿ ಕಸದ್ದೊಂದು ಸಣ್ಣ ಜೋಳಿಗೆ ನೇತು ಹಾಕಿತು. ಪಕ್ಕದಲ್ಲಿ ಒಂದು ಬಾಗಿಲು, ಬಾಗಿಲ ಮೇಲೆ ಮಳೆ ಬೀಳದ ಹಾಗೆ ಸಣ್ಣದೊಂದು ಚಜ್ಜ.

“ಊರೋರೆಲ್ಲ ಅಬ್ಬಕ್ಕೆ ಸುಣ್ಣ ಬಳ್ಕತರೆ, ನಮ್ಮನೆ ಸೊಸೆ ಜೇಡ ಸಾಕ್ತಳೆ ಕಣ್ರವ್ವ” ಎಂದು ಚನ್ನಾಜಮ್ಮ ಬೀದಿಗೆ ಕೇಳುವ ಹಾಗೆ ಹೇಳುತ್ತಿದ್ದರು.

“ನಿಮ್ ಕೂದ್ಲಲ್ಲಿ ಮೊಟ್ಟೆ ಮಡಗ್ತದೆ ಅತ್ತೆಮ್ಮ, ಅದ್ರಿಂದ್ಲೂ ಮೊಮ್ಮಕ್ಕಳಾಯ್ತವೆ ನಿಮ್ಗೆ” ಎಂದು ಶಿವರತ್ನಮ್ಮ ಒಳಗಿನಿಂದಲೇ ಉತ್ತರ ಕೊಡುತ್ತಿದ್ದಳು. ಅತ್ತೆ ಆಮೇಲೆ ಯಾರೂ ನೋಡದಾಗ ಬಾಚಣಿಗೆಯ ಕೂದಲನ್ನು ಉಂಡೆ ಮಾಡಿ ಬೇಲಿಯ ಮೇಲೆ ಇಟ್ಟು ಬರುತ್ತಿದ್ದರು.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಶಿವರತ್ನಮ್ಮನಿಗೆ ಹಿತ್ತಿಲು ಬಿಟ್ಟರೆ ಬೇರೆ ಮದ್ದೇ ಇರಲಿಲ್ಲ. ಗಂಡ ಸದಾಶಿವಪ್ಪ ಕಬ್ಬಿನ ಗದ್ದೆ, ಕಟ್ಟೆಯ ಮೇಲಿನ ಹರಟೆ ಇಷ್ಟರಲ್ಲೇ ಸುಖವಾಗಿದ್ದ. ಕೋಮಲ ಕೊಳ್ಳೇಗಾಲದ ಕಾಲೇಜಿನಲ್ಲಿ ಪಾಠ ಹೇಳಿ ಸಂಜೆ ಬಸ್ಸಿಗೆ ಬರುವವಳು. ಚೈತ್ರ ಬಂತೆಂದರೆ ಬೆಳಗಿನ ಕೆಲಸ ಮುಗಿಸಿ ಶಿವರತ್ನಮ್ಮ ಹಿತ್ತಿಲ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಕೂತುಬಿಡುತ್ತಿದ್ದಳು. ಹೊಂಗೆ ಎಲೆ ಉದುರಿಸಿ ಒಂದೇ ವಾರದಲ್ಲಿ ಹೊಳೆಯುವ ಚಿಗುರು ಹೊದ್ದು, ಅದರ ಹಿಂದೆಯೇ ನೆಲದ ತುಂಬ ಮಂಡಕ್ಕಿ ಚೆಲ್ಲಿದ ಹಾಗೆ ಹೂ ಸುರಿಸುತ್ತಿತ್ತು. ಅದರ ಕೆಳಗೆ ನಿಂತರೆ ಜೇನಿನ ಸದ್ದು ಕಿವಿಯೊಳಗೇ ಬಂದ ಹಾಗೆ. ಕರಿಬೇವಿನ ಹಣ್ಣಿಗೆ ಪಿಕಳಾರ ಹಕ್ಕಿಗಳ ಜಗಳ. ಪಕ್ಕದ ಮನೆಯ ಟಿವಿ ಡಿಶ್ಶಿನ ಮೇಲೆ ಕೂತ ಮಡಿವಾಳ ಹಕ್ಕಿಗಂತೂ ಬೆಳಕು ಹರಿಯುವ ಮೊದಲೇ ಶುರುವಾದ ಹಾಡು ಎಂಟಕ್ಕೂ ಮುಗಿಯುತ್ತಿರಲಿಲ್ಲ. ಈ ಹಿತ್ತಿಲಿಗೆ ಯಾರೂ ಗಿಡ ತಂದು ನೆಟ್ಟಿರಲಿಲ್ಲ. ಹಕ್ಕಿ ಉದುರಿಸಿದ್ದು, ಗಾಳಿ ತಂದದ್ದು, ಹಿರಿಯರು ಕಡಿಯದೆ ಬಿಟ್ಟದ್ದು, ಅಷ್ಟೇ.

ಅದರಲ್ಲೂ ಪತ್ರೆಮರ ಮನೆದೇವರಿಗೆ ಸಮ. ಬಿಲ್ವಪತ್ರೆ ಇಲ್ಲದೆ ಆ ಮನೆಯಲ್ಲಿ ಲಿಂಗಪೂಜೆ ಆದದ್ದಿಲ್ಲ. ಸೋಮವಾರ ಶಿವನ ದಿನ, ಅವತ್ತು ಆ ಮರವನ್ನು ಮುಟ್ಟುವಂತಿಲ್ಲ. ಸೋಮವಾರದ ಪೂಜೆಗೆ ಭಾನುವಾರವೇ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಈ ಕಡೆಯ ಎಳೆ ಮಗುವಿಗೂ ಗೊತ್ತಿರುವ ಸಂಗತಿ ಅದು. ಶಿವರತ್ನಮ್ಮ ಮುಂದೆ ಮಾಡಿದ ತಪ್ಪಿಗೆ ಈ ನಂಬಿಕೆಯೇ ಮೂಲ.

ಏಪ್ರಿಲ್ ಮಧ್ಯಕ್ಕೆ ಮರಿಗಳು ಹೊರಬಂದವು. ಎರಡು. ಗೂಡಿನ ಬಾಗಿಲಲ್ಲಿ ಎರಡು ಕಿತ್ತಳೆ ಬಾಯಿ ತೆರೆದುಕೊಳ್ಳುವುದನ್ನು ಶಿವರತ್ನಮ್ಮ ಮೊದಲು ಕಂಡ ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು. ಅದನ್ನು ಕೋಮಲ ಹದಿನೈದು ಸೆಕೆಂಡಿನ ವಿಡಿಯೊ ಮಾಡಿ ತನ್ನ ಮೊಬೈಲಿನ ಸ್ಟೇಟಸ್ಸಿಗೆ ಹಾಕಿದಳು. ‘ಅಮ್ಮನ ಹಿತ್ತಲು’ ಅಂತ ಬರೆದಿದ್ದಳು. ಸಂಜೆಗೆಲ್ಲ ಇನ್ನೂರು ಜನ ನೋಡಿದ್ದರು. ಅವಳ ಕಾಲೇಜಿನ ಯಾರಿಗೋ ಪರಿಚಯದವರು ಫೋನ್ ಮಾಡಿ, ಬಂದು ಫೋಟೊ ತೆಗೆಯಬಹುದೇ ಎಂದು ಕೇಳಿದರು. ಕೇಳಿದವರು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಯ ಅಂಗಡಿ ಇಟ್ಟಿದ್ದ ಷಡಕ್ಷರಿ. ಹಕ್ಕಿ ಫೋಟೊ ತೆಗೆಯುವವರದ್ದೊಂದು ಬಳಗ ಕಟ್ಟಿದ್ದರಂತೆ, ಅದಕ್ಕೆ ಅಧ್ಯಕ್ಷರೂ ಅವರೇ ಅಂತೆ.

ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಆ ಹಿತ್ತಿಲನ್ನು ನೋಡಲಿಕ್ಕೆ ಅಂತ ಒಬ್ಬ ನರಮನುಷ್ಯ ಬಂದಿರಲಿಲ್ಲ. ಬಂದವರೆಲ್ಲ ಕೈ ತೊಳೆಯಲಿಕ್ಕೆ ಬಂದವರು. ಈಗ ಕೊಳ್ಳೇಗಾಲದಿಂದ ದೊಡ್ಡವರು ಬಂದು ನೋಡುತ್ತಾರೆ ಅಂದಾಗ ಶಿವರತ್ನಮ್ಮನ ಎದೆ ಒಂದಿಷ್ಟು ಉಬ್ಬಿತು. ಯಾರ ಎದೆಯಾದರೂ ಉಬ್ಬುತ್ತದೆ ಬಿಡಿ.

ಬಸವ ಜಯಂತಿ ಆ ವರ್ಷ ಸೋಮವಾರವೇ ಬಂದಿತ್ತು. ರಜೆ. ಬೆಳಗಿನ ಸಭೆಯಲ್ಲಿ ದಯೆಯ ಬಗ್ಗೆ ಭಾಷಣ ಮಾಡಿ ಮುಗಿಸಿಕೊಂಡು ಷಡಕ್ಷರಿ ಹತ್ತೂವರೆ ಹೊತ್ತಿಗೆ ಮಾಂಬಳ್ಳಿಗೆ ಬಂದರು. ಜೊತೆಗೆ ಇನ್ನಿಬ್ಬರು. ಮೂವರೂ ಎಲೆಬಳ್ಳಿಯ ಚಿತ್ರವಿದ್ದ ಹಸಿರು ಬಟ್ಟೆ ತೊಟ್ಟಿದ್ದರು. ಹಕ್ಕಿಗೆ ಇವರು ಗಿಡದ ಹಾಗೆ ಕಾಣಬೇಕಂತೆ. ಮೈಗೆ ಹಾಕಿಕೊಂಡಿದ್ದ ಸೆಂಟಿನ ವಾಸನೆ ಮಾತ್ರ ಬೀದಿಯ ತುದಿಗೇ ಬಡಿಯುತ್ತಿತ್ತು. ಕೊರಳಲ್ಲಿ ಬೋರ್‌ವೆಲ್ ಪೈಪಿನ ಗಾತ್ರದ ಕ್ಯಾಮೆರಾ. ಷಡಕ್ಷರಿಯ ಹಣೆಯ ತುಂಬ ಮೂರೆಳೆ ವಿಭೂತಿ ಇನ್ನೂ ಹಸಿಯಾಗಿತ್ತು.

“ಶರಣು ಅಕ್ಕಾವ್ರೆ. ನಿಮ್ಮ ಹಿತ್ತಲು ಅಂದ್ರೆ ಸ್ವರ್ಗ” ಎಂದರು, ಹಿತ್ತಿಲಿಗೆ ಇನ್ನೂ ಕಾಲಿಡುವ ಮೊದಲೇ.

ಶಿವರತ್ನಮ್ಮ ಕರೆದುಕೊಂಡು ಹೋಗಿ ತೋರಿಸಿದಳು. ಅವಳ ತವರು ಧನಗೆರೆ. ಎಳೆ ಕುಂಬಳಕಾಯಿಗೂ ಹಕ್ಕಿಗೂಡಿಗೂ ಬೆರಳು ಮಾಡಿ ತೋರಿಸಬಾರದು, ತೋರಿಸಿದರೆ ಕೊಳೆತು ಉದುರುತ್ತದೆ ಅಂತ ಅಲ್ಲಿ ಅವ್ವ ಹೇಳಿಕೊಟ್ಟಿದ್ದಳು. ತೋರಿಸಲೇಬೇಕಾದರೆ ಬೆರಳು ಮಡಿಸಿ ಗೆಣ್ಣಿನಿಂದ ತೋರಿಸಬೇಕು. ಶಿವರತ್ನಮ್ಮ ಮರೆಯದೆ ಬೆರಳು ಮಡಿಸಿಯೇ ತೋರಿಸಿದಳು. ಶಾಸ್ತ್ರಕ್ಕೆ ಒಂದಿಷ್ಟೂ ಲೋಪ ಮಾಡಲಿಲ್ಲ.

“ಈ ನೀರ್ ತೊಟ್ಟಿಯಿಂದ ಆಚಿಕ್ ಓಗ್ಬೇಡಿ ಸಾ. ಎದ್ರುಕಂಡ್ರೆ ಅವ್ವ ಬರದಿಲ್ಲ. ಕಾಳು ಕಾಳು ಮರಿ ಅವು, ಅರ್ಧ ಗಂಟೆ ಉಪಾಸ ತಡಿಯಾಕಿಲ್ಲ” ಎಂದಳು.

“ನಮಗೆ ಹೇಳ್ಬೇಕಾ ಅಕ್ಕಾವ್ರೆ, ಹತ್ತು ವರ್ಷದಿಂದ ಇದೇ ಕೆಲಸ” ಎಂದು ಷಡಕ್ಷರಿ ಕೈಮುಗಿದರು.

ಹಬ್ಬದ ದಿನ ಮನೆಗೆ ಬಂದವರನ್ನು ಬರೀ ಕಾಫಿ ಕೊಟ್ಟು ಕಳಿಸುವುದು ಹೇಗೆ? ಒತ್ತು ಶಾವಿಗೆ, ಕಾಯಿಹಾಲು ಮಾಡುತ್ತೇನೆ, ಊಟ ಮಾಡಿಕೊಂಡೇ ಹೋಗಬೇಕು ಎಂದು ಶಿವರತ್ನಮ್ಮ ಅಡುಗೆಮನೆಗೆ ನಡೆದಳು. ಅಲ್ಲಿ ನಿಂತು ಕಾಯಬೇಕು ಅಂತ ಅವಳಿಗೆ ಅನ್ನಿಸಲೇ ಇಲ್ಲ. ನಿಂತಿರುವವನು ವಿಭೂತಿ ಧರಿಸಿದ ಲಿಂಗವಂತ, ಗೂಡಿರುವುದು ಪತ್ರೆಮರದಲ್ಲಿ, ದಿನ ಸೋಮವಾರ. ಕಾವಲಿಗೆ ಇದಕ್ಕಿಂತ ಇನ್ನೇನು ಬೇಕು? ಸಾಲದ್ದಕ್ಕೆ ಸದಾಶಿವಪ್ಪ ಬೇರೆ ಜೊತೆಗಿದ್ದ.

ಶಾವಿಗೆ ಅಂದರೆ ಕೈ ತೊಳೆದಷ್ಟು ಸುಲಭವಲ್ಲ. ಹಿಟ್ಟು ತಿರುವಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಶಾವಿಗೆ ಒರಳಿಗೆ ಹಾಕಿ ಮೈಭಾರವೆಲ್ಲ ಬಿಟ್ಟು ಒತ್ತಬೇಕು. ಒಂದೂಕಾಲು ಗಂಟೆ ಹಿಡಿಯಿತು. ಕೋಮಲ ತೆಂಗಿನಕಾಯಿ ತುರಿದು ಹಾಲು ಹಿಂಡಿದಳು. ನಡುವೆ ಹಿತ್ತಿಲಿನಿಂದ ಸೂರಕ್ಕಿಯ ಸದ್ದು ವಿಪರೀತ ಕೇಳಿಸಿತು. ಚೀಪ್ ಚೀಪ್ ಅಂತ ಒಂದೇ ಸಮ. ಖುಷಿಗೆ ಕೂಗುತ್ತಿದೆ ಅಂದುಕೊಂಡಳು, ದಡ್ಡಿ. ಗಂಡುಹಕ್ಕಿಯನ್ನು ಹತ್ತಿರ ಎಳೆಯಲು ಅವರು ಮೊಬೈಲಿನಲ್ಲಿ ಇನ್ನೊಂದು ಗಂಡಿನ ಕೂಗು ಹಾಕಿದ್ದರು, ಅದು ಮೊಬೈಲಿನ ಮೇಲೆ ಎರಗಿ ಎರಗಿ ಸುಸ್ತಾಗುತ್ತಿತ್ತು ಎಂದು ಆಮೇಲೆ ತಿಳಿಯಿತು.

ಕೊನೆಯ ಉಂಡೆ ಒತ್ತುತ್ತಿದ್ದಾಗ ಷಡಕ್ಷರಿ ಅಡುಗೆಮನೆಯ ಬಾಗಿಲಿಗೆ ಬಂದರು. ಎರಡೂ ಕೈಯ ತುಂಬ ಹಸಿ ಬಿಲ್ವಪತ್ರೆ. ಎಳೆ ಚಿಗುರು, ಮುಳ್ಳು ಸಮೇತ ರೆಂಬೆಗಳು, ಕಡಿದ ಕಡೆ ಇನ್ನೂ ನೀರು ಒಸರುತ್ತಿತ್ತು.

“ತಗೊಳ್ಳಿ ಅಕ್ಕಾವ್ರೆ, ಪೂಜೆಗಾಯ್ತು” ಎಂದು ನಗುತ್ತಾ ಮೊರದ ಮೇಲೆ ಇಟ್ಟರು.

ಶಿವರತ್ನಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಒರಳು ಬಿಟ್ಟು ಹಿತ್ತಿಲಿಗೆ ಹೋದಳು.

ಗೂಡಿನ ಸುತ್ತ ಒಂದು ಎಲೆ ಇರಲಿಲ್ಲ. ಎರಡು ಮೊಳದಷ್ಟು ಜಾಗ ಬೋಳಿಸಿದ ತಲೆಯ ಹಾಗೆ ಬೆತ್ತಲೆ. ನಡುವೆ ಬರೀ ಕೊಂಬೆ, ಕೊಂಬೆಗೆ ಆ ಜೋಳಿಗೆ, ಅದರ ಮೇಲೆ ನೆಟ್ಟಗೆ ಹನ್ನೆರಡು ಗಂಟೆಯ ಬಿಸಿಲು. ಗೂಡಿನ ಮೈಯೆಲ್ಲ ಒದ್ದೆ. ಇಸ್ತ್ರಿಯವನು ಬಟ್ಟೆಗೆ ನೀರು ಚಿಮುಕಿಸುವ ಬಾಟಲಿಯೊಂದು ತೊಟ್ಟಿಯ ಅಂಚಿನಲ್ಲಿ ಕೂತಿತ್ತು. ಬೆಳಗಿನ ಮಂಜಿನ ಹಾಗೆ ಕಾಣಲಿ ಅಂತ ಹೊಡೆದಿದ್ದರಂತೆ. ನಡುಹಗಲಲ್ಲಿ ಮಂಜು! ತಾಯಿಹಕ್ಕಿ ಬಾಯಲ್ಲಿ ಹುಳ ಹಿಡಿದು ಹೊಂಗೆಯ ತುದಿಯಲ್ಲಿ ಕೂತು ಈ ಕಡೆ ಬರಲಾರದೆ ಒದ್ದಾಡುತ್ತಿತ್ತು. ಮರದ ಬುಡದಲ್ಲಿ ಸದಾಶಿವಪ್ಪ ಮಚ್ಚು ಹಿಡಿದು ನಿಂತಿದ್ದ. ಅವನ ಮುಖದಲ್ಲಿ ಶಾಲೆಯಲ್ಲಿ ಶಭಾಸ್ ಅನ್ನಿಸಿಕೊಂಡ ಹುಡುಗನ ಕಳೆ.

“ಏನ್ ಮಾಡುದ್ರಿ ಇದ?” ಎಂದಳು.

“ಅಡ್ಡ ಬತ್ತಿದ್ವು ಅಂದ್ರು. ಸೋಮಾರ ಕಣ್ ಸಾ ಅಂದೆ ನಾನೂವೆ. ಎಲೆ ಕಿತ್ರೆ ತಾನೆ ತಪ್ಪು, ಕೊಂಬೆ ಸವುರುದ್ರೆ ತಪ್ಪಿಲ್ಲ ಅಂದ್ರು. ಇಬೂತಿ ಧರ್ಸ್ಕಂಡಿರೋರು ಸುಳ್ಳೇಳ್ತರ?”

“ಮಚ್ಚು ಯಾರ್ ಕೊಟ್ರು?”

ಸದಾಶಿವಪ್ಪ ಕೈಯಲ್ಲಿದ್ದ ಮಚ್ಚು ನೋಡಿಕೊಂಡ. “ಅವ್ರು ಸಣ್ ಕತ್ರಿ ತಂದಿದ್ರು. ಅದ್ರಲ್ಲಿ ಆಗ್ನಿಲ್ಲ.”

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಆ ಕ್ಷಣ ಮೂವರನ್ನೂ ಕತ್ತು ಹಿಡಿದು ಬೀದಿಗೆ ತಳ್ಳಬೇಕಿತ್ತು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವರು ಆಗಲೇ ಕೈಕಾಲು ತೊಳೆದು, ನಡುಮನೆಯಲ್ಲಿ ಎಲೆಯ ಮುಂದೆ ಸಾಲಾಗಿ ಕೂತಿದ್ದರು. ಚನ್ನಾಜಮ್ಮ ನೀರು ಬಡಿಸಿಯೂ ಆಗಿತ್ತು. ಎಲೆಯ ಮುಂದೆ ಕೂತವರನ್ನು ಎಬ್ಬಿಸಿದ ಮನೆ ಏಳಿಗೆಯಾಗುವುದಿಲ್ಲ ಅಂತ ಕೇಳಿಕೊಂಡು ಬೆಳೆದವಳು ಅವಳು. ಬಾಯೊಳಗೆ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಶಿವರತ್ನಮ್ಮ ಒಳಗೆ ಬಂದು ಶಾವಿಗೆ ಬಡಿಸಿದಳು.

ಬಡಿಸಿದಳು ಅನ್ನುವುದನ್ನು ಆಮೇಲೆ ಎಷ್ಟು ಸಲ ನೆನೆದುಕೊಂಡಳೋ. ಷಡಕ್ಷರಿ ಕಾಯಿಹಾಲನ್ನು ಸುರಿಸಿಕೊಂಡು, ಮೊಣಕೈವರೆಗೂ ಇಳಿದದ್ದನ್ನು ನೆಕ್ಕಿಕೊಂಡು, “ಇಂಥ ಶಾವಿಗೆ ತಿಂದು ಎಷ್ಟು ವರ್ಷ ಆಗಿತ್ತು” ಅಂದರು. ಅವಳು ಎರಡನೇ ಸಲ ಹಾಕಿದಳು. ಮೂರನೇ ಸಲ ಕೇಳಿದರು, ಮತ್ತೆ ಹಾಕಿದಳು. ಉಳಿದಿಬ್ಬರು ಎಡಗೈಯಲ್ಲಿ ಮೊಬೈಲು ತಿಕ್ಕುತ್ತಾ ಬಲಗೈಯಲ್ಲಿ ಉಣ್ಣುತ್ತಿದ್ದರು. ಹೊರಗೆ ಮರಿಗಳು ಬೇಯುತ್ತಿವೆ, ಒಳಗೆ ತಾನು ಇವರ ಎಲೆಗೆ ಬೆಲ್ಲದ ಹಾಲು ಹೊಯ್ಯುತ್ತಿದ್ದೇನೆ ಅನ್ನುವುದು ಅವಳಿಗೆ ಪ್ರತಿ ಸೌಟಿಗೂ ಗೊತ್ತಿತ್ತು. ತನ್ನ ಕೈಯೇ ತನಗೆ ಹೇಸಿಗೆಯಾಯಿತು.

ಊಟ ಮುಗಿದ ಮೇಲೆ ಷಡಕ್ಷರಿ ಕ್ಯಾಮೆರಾದ ಹಿಂಬದಿಯಲ್ಲಿ ಫೋಟೊ ತೋರಿಸಿದರು. ತಾಯಿಯ ಕೊಕ್ಕು, ಕೊಕ್ಕಿನ ತುದಿಯಲ್ಲಿ ಹಸಿರು ಹುಳ, ಕೆಳಗೆ ಎರಡು ತೆರೆದ ಬಾಯಿ. ಬಾಯೊಳಗಿನ ಕೆಂಪು, ಮರಿಯ ರೆಪ್ಪೆ, ಗೂಡಿಗೆ ಹೆಣೆದ ಚನ್ನಾಜಮ್ಮನ ಒಂದು ಬಿಳಿಕೂದಲು, ಎಲ್ಲ ಕಾಣುತ್ತಿತ್ತು. ತಿಂಗಳಿಂದ ದಿನವೂ ನೋಡಿದವಳಿಗೂ ಇಷ್ಟು ಹತ್ತಿರ ಕಂಡಿರಲಿಲ್ಲ. ಚಂದ ಇತ್ತು. ಒಂದು ಗಳಿಗೆ ಎಲ್ಲ ಮರೆತು ಅವಳ ಮುಖ ಅರಳಿತು. ಅರಳಿದ್ದು ಗೊತ್ತಾದ ಕೂಡಲೇ ಮುಖ ತಿರುಗಿಸಿದಳು.

ಅವರ ಕಾರು ಬೀದಿ ದಾಟುವ ಮೊದಲೇ ಓಡಿಹೋಗಿ ಹಳೆ ಸೀರೆಯ ತುಂಡನ್ನು ಗೂಡಿನ ಮೇಲೆ ಚಪ್ಪರದ ಹಾಗೆ ಕಟ್ಟಿದಳು. ಕೈಗೆ ಪತ್ರೆಮುಳ್ಳು ಚುಚ್ಚಿ ರಕ್ತ ಬಂತು. ನೆರಳೇನೋ ಆಯಿತು. ಆದರೆ ಗಾಳಿಗೆ ಪಟಪಟ ಅನ್ನುವ ಬಟ್ಟೆಗೆ ಹಕ್ಕಿ ಹತ್ತಿರ ಬರುವುದುಂಟೇ? ಹುಳ ಕಚ್ಚಿಕೊಂಡು ಹೊಂಗೆಗೆ ಬಂತು, ನುಗ್ಗೆಗೆ ಹಾರಿತು, ವಾಪಸ್ಸು ಹೋಯಿತು. ಬಟ್ಟೆ ಬಿಚ್ಚಿದರೆ ಬಿಸಿಲು, ಕಟ್ಟಿದರೆ ತಾಯಿ ಇಲ್ಲ. ಶಿವರತ್ನಮ್ಮ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಕೋಮಲ ಕಡಿದ ರೆಂಬೆಗಳನ್ನೇ ತಂದು ದಾರದಿಂದ ಕಟ್ಟಿ ನೋಡಿದಳು. ಅರ್ಧ ಗಂಟೆಯಲ್ಲಿ ಆ ಎಲೆಗಳೂ ಬಾಡಿ ಜೋತುಬಿದ್ದವು.

ನಾಲ್ಕು ಗಂಟೆಗೆ ಕೆಂಬೂತ ಬಂತು. ಕಂಡರೆ ಶುಭ ಅಂತ ಜನ ಕೈಮುಗಿಯುವ ಹಕ್ಕಿ. ಎಲೆ ಇದ್ದಾಗ ಅದಕ್ಕೆ ಗೂಡು ಕಂಡಿರಲಿಲ್ಲ. ಈಗ ಬೇಲಿಯಿಂದಲೇ ಕಂಡಿತು. ಶಿವರತ್ನಮ್ಮ ಕಲ್ಲು ಎತ್ತಿಕೊಂಡು ಬರುವಷ್ಟರಲ್ಲಿ ಜೋಳಿಗೆ ಹರಿದು ಎರಡು ಪಾಲಾಗಿತ್ತು. ಎತ್ತಿದ ಕಲ್ಲನ್ನು ಕೆಳಗೆ ಹಾಕಿದಳು. ಅದಕ್ಕೂ ಎಲ್ಲೋ ಮರಿಗಳಿರುತ್ತವೆ, ಅದರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅಸಹ್ಯ ಪಡಲಿಕ್ಕೆ ಮನೆಯಲ್ಲೇ ಬೇಕಾದಷ್ಟು ಇತ್ತು.

“ಓಗ್ಲಿ ಬುಡು, ಅಕ್ಕಿ ತಾನೆ. ಇನ್ನೊಂದ್ ಗೂಡ್ ಕಟ್ತದೆ” ಎಂದ ಸದಾಶಿವಪ್ಪ.

ಅವಳು ಮೊರದಲ್ಲಿದ್ದ ಬಿಲ್ವಪತ್ರೆಯನ್ನು ದೇವರಿಗೂ ಏರಿಸಲಿಲ್ಲ, ತಿಪ್ಪೆಗೂ ಹಾಕಲಿಲ್ಲ. ಮರದ ಬುಡದಲ್ಲೇ ಗುಂಡಿ ತೋಡಿ ಹೂತಳು. ಚನ್ನಾಜಮ್ಮ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು. ಆ ರಾತ್ರಿ ಅತ್ತೆ ಸೊಸೆ ಇಬ್ಬರೂ ಉಣ್ಣಲಿಲ್ಲ.

ಮೂರು ವಾರ ಕಳೆದ ಮೇಲೆ ಷಡಕ್ಷರಿಯಿಂದ ಕಾರ್ಡು ಬಂತು. ಕೊಳ್ಳೇಗಾಲದ ಕಲ್ಯಾಣ ಮಂಟಪವೊಂದರಲ್ಲಿ ‘ನಮ್ಮ ಗಿಡ, ನಮ್ಮ ಹಕ್ಕಿ’ ಅಂತ ವಸಂತದ ಫೋಟೊ ಪ್ರದರ್ಶನ. ಹಿತ್ತಿಲು ಕಾಪಾಡಿಕೊಂಡು ಬಂದ ಆದರ್ಶ ದಂಪತಿಗೆ ಸನ್ಮಾನ. ದಂಪತಿ ಅಂದರೆ ಇವರೇ. ಸದಾಶಿವಪ್ಪ ಇಸ್ತ್ರಿ ಪಂಚೆ ತೆಗೆದಿಟ್ಟ. ಶಿವರತ್ನಮ್ಮ ಬರುವುದಿಲ್ಲ ಅಂದವಳು, ಹಿಂದಿನ ದಿನ ಮನಸ್ಸು ಬದಲಿಸಿದಳು. ಆ ಜನರ ಮುಂದೆ ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿಬಿಡಬೇಕು. ಅಷ್ಟು ಜನ ಹಕ್ಕಿಪ್ರಿಯರಲ್ಲಿ ಒಬ್ಬರಾದರೂ ಷಡಕ್ಷರಿಯ ಮುಖಕ್ಕೆ ಛೀ ಅನ್ನುತ್ತಾರೆ. ಅದನ್ನು ಕಣ್ಣಾರೆ ನೋಡಿಕೊಂಡು ಬರಬೇಕು.

ಮಂಟಪದ ಬಾಗಿಲಿಗೆ ಪ್ಲಾಸ್ಟಿಕ್ ಮಾವಿನೆಲೆಯ ತೋರಣ. ಒಳಗೆ ಹೋದರೆ ಎದುರಿಗೇ ಬಾಗಿಲಿನಷ್ಟು ದೊಡ್ಡದಾಗಿ ಆ ಫೋಟೊ. ‘ಬಿಲ್ವದ ಮಡಿಲಲ್ಲಿ’ ಅಂತ ಕೆಳಗೆ ಬರೆದಿತ್ತು. ಮೇಲೆ ಮೊದಲ ಬಹುಮಾನದ ಪಟ್ಟಿ ಅಂಟಿಸಿತ್ತು. ಜನ ಅದರ ಮುಂದೆ ನಿಂತು ತಮ್ಮ ಫೋಟೊ ತೆಗೆ‌ದುಕೊಳ್ಳುತ್ತಿದ್ದರು. ಶಿವರತ್ನಮ್ಮ ಹತ್ತಿರ ಹೋಗಿ ನೋಡಿದಳು. ಮೇಲಿನ ಮೂಲೆಯಲ್ಲಿ ಕಡಿದ ಕೊಂಬೆಯ ಬೆಳ್ಳಗಿನ ಕೊರಡು ಅಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಕಂಡವರು ಯಾರೂ ಕೇಳಿರಲಿಲ್ಲ.

ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಎರಡು ಮಾತು ಆಡಿ ಎಂದು ಮೈಕು ಮುಂದೆ ನಿಲ್ಲಿಸಿದರು. ಮೊದಲ ಸಾಲಿನಲ್ಲಿ ಕೋಮಲ ಮೊಬೈಲು ಎತ್ತಿ ಹಿಡಿದಿದ್ದಳು. ಶಿವರತ್ನಮ್ಮ ಮೈಕಿನ ಹತ್ತಿರ ಸರಿದಳು.

“ಈ ಪಟದಲ್ಲಿರ ಮರಿ ಎರಡೂವೆ ಅವತ್ ಸಾಯಂಕಾಲ್ಕೇ ಸತ್ತೋದ್ವು. ಗೂಡ್ ಕಾಣ್ಲಿ ಅಂತ ಇವ್ರು ಸುತ್ತ ಇದ್ದ ಎಲೆಯೆಲ್ಲ ಕಡುದ್ರು. ಮಂಜು ಅಂತ ಬಾಟ್ಲೀಲಿ ನೀರ್ ಒಡುದ್ರು. ಕಡಿಯಾಕೆ ಮಚ್ಚು ಕೊಟ್ಟದ್ದು ನಮ್ ಯಜಮಾನ್ರು. ಕಡುದೋರ್ಗೆ ಶಾವ್ಗೆ ಇಕ್ಕುದ್ದು ನಾನು. ಸೋಮಾರ ಪತ್ರೆ ಕಡುದ್ಬುಟ್ಟು ನನ್ ಕೈಗೇ ತಂದು ಪೂಜೆಗೆ ಅಂತ ಕೊಟ್ರು. ನಂಗೆ ಇವ್ರ್ನ ಕಂಡ್ರೂ ಏಸ್ಗೆ, ನನ್ ಕಂಡ್ರೂ ಏಸ್ಗೆ. ಇಷ್ಟೇಯ ನಾನ್ ಏಳಾದು.”

ಶಿವರತ್ನಮ್ಮ ಷಡಕ್ಷರಿಯ ಮುಖ ನೋಡುತ್ತಾ ಕಾದಳು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಶುರು ಮಾಡಿದರು. ಅದು ಮುಂದೆ ಬಂತು, ಪಕ್ಕಕ್ಕೆ ಹರಡಿತು, ಕೊನೆಗೆ ಎದ್ದು ನಿಂತು ಹೊಡೆದರು. ಷಡಕ್ಷರಿ ಮೈಕು ಎಳೆದುಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ನೋಡಿ, ಇದು ತಾಯಿಹೃದಯ. ಕಲಿಯೋದು ನಮಗೆಲ್ಲ ಇನ್ನೂ ತುಂಬ ಇದೆ. ಊಟದ ವ್ಯವಸ್ಥೆ ಕೆಳಗಡೆ ಇದೆ, ಯಾರೂ ಹಾಗೇ ಹೋಗಬಾರದು” ಎಂದರು. ಅವಳು ಉಗಿದದ್ದನ್ನು ಆ ಮನುಷ್ಯ ಒರೆಸಿಕೊಂಡು ಪ್ರಸಾದದ ಹಾಗೆ ಹಂಚಿಬಿಟ್ಟಿದ್ದ. ಶಿವರತ್ನಮ್ಮ ಪಕ್ಕಕ್ಕೆ ತಿರುಗಿದಳು. ಹೆಗಲ ಮೇಲಿನ ಶಾಲು ಜಾರದ ಹಾಗೆ ಗದ್ದದಿಂದ ಒತ್ತಿ ಹಿಡಿದು ಸದಾಶಿವಪ್ಪನೂ ಚಪ್ಪಾಳೆ ತಟ್ಟುತ್ತಿದ್ದ.

ವೇದಿಕೆ ಇಳಿಯುವಾಗ ಕೊರಳಲ್ಲಿ ಕ್ಯಾಮೆರಾ ಹಾಕಿಕೊಂಡ ಒಬ್ಬ ಹುಡುಗಿ ಎದುರು ಬಂದಳು. ಮೈಸೂರಿನವಳಂತೆ, ಹೆಸರು ಪವಿತ್ರ ಅಂತೆ. ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಹಿಂದೆ ಇನ್ನೂ ನಾಲ್ಕು ಜನ ಅವಳ ಹಾಗೆಯೇ ಕ್ಯಾಮೆರಾದವರು ನಿಂತಿದ್ದರು.

“ಆಂಟಿ, ನಿಮ್ಮ ಮಾತು ಕೇಳಿ ಅಳು ಬಂತು. ಎಂಥ ಜನ ಇವರು. ನಾನು ಅಂಥವಳಲ್ಲ ಆಂಟಿ, ಒಂದು ಎಲೆನೂ ಮುಟ್ಟಲ್ಲ. ನಿಮ್ಮ ಹಿತ್ತಿಲಲ್ಲಿ ಈಗ ಬೇರೆ ಯಾವುದಾದರೂ ಗೂಡು ಇದೆಯಾ? ಭಾನುವಾರ ಬಂದು ನೋಡಬಹುದಾ?”

ಇತ್ತು. ನುಗ್ಗೆಯ ಒಣಕೊಂಬೆಯಲ್ಲಿ ಕುಟ್ರ ಹಕ್ಕಿ ತೂತು ಕೊರೆದು ಮರಿ ಮಾಡಿ ಎಂಟು ದಿನವಾಗಿತ್ತು. ಸೂರಕ್ಕಿಯೂ ಮತ್ತೆ ಎಲ್ಲೋ ಎಳೆ ಹೊತ್ತುಕೊಂಡು ಓಡಾಡುತ್ತಿತ್ತು. ಹುಡುಗಿ ಒಳ್ಳೆಯವಳೇ ಇರಬಹುದು. ತೋರಿಸಬೇಕು ಅನ್ನುವ ಹಳೆಯ ಆಸೆ ಶಿವರತ್ನಮ್ಮನ ಬಾಯಿಯವರೆಗೂ ಬಂತು. ಅವಳಿಗಿಂತ ಮೊದಲು ಸದಾಶಿವಪ್ಪನ ಬಾಯಿ ತೆರೆದುಕೊಂಡಿತು.

“ಅಯ್ಯೋ ಬನ್ರವ್ವ, ಅದುಕ್ಕೇನಂತೆ. ನುಗ್ಗೆ ಮರದಲ್ಲಿ...”

“ನುಗ್ಗೆ ಮರ ಕಡುಸ್ಬುಟ್ಟೊ” ಎಂದಳು ಶಿವರತ್ನಮ್ಮ.

ಸದಾಶಿವಪ್ಪ ಹೆಂಡತಿಯ ಮುಖ ನೋಡಿದ.

“ನುಗ್ಗೆನೂ ಕಡುಸ್ದೊ, ಒಂಗೆನೂ ಕಡುಸ್ದೊ. ಬರೀ ಎಲೆ ಉದುರ್ತವೆ ಕಣವ್ವ, ಅಕ್ಕಿ ಪಿಚ್ಕೆ ಬೇರೆ, ಗಲೀಜು. ಎಲ್ಲ ಸಿಮೆಂಟ್ ಆಕ್ಸಿ ಕಾರ್ ನಿಲ್ಸಕ್ಕೆ ಜಾಗ ಮಾಡ್ಕಂಡಿದ್ದೀವಿ.”

“ಆ ಪತ್ರೆಮರ?” ಹುಡುಗಿಯ ದನಿ ಸಣ್ಣಗಾಯಿತು.

ಶಿವರತ್ನಮ್ಮ ಶಾಲಿನ ಒಳಗೆ ಕೊರಳಿನ ಕರಡಿಗೆಯನ್ನು ಮುಟ್ಟಿಕೊಂಡಳು. ಅದರೊಳಗಿನ ಇಷ್ಟಲಿಂಗದ ಮೇಲೆ ಕೈಯಿಟ್ಟು ಅವಳು ಈವರೆಗೆ ಸುಳ್ಳು ಹೇಳಿರಲಿಲ್ಲ.

“ಅದುನ್ನೂ ಕಡುಸ್ದೊ” ಎಂದಳು.

ಪಕ್ಕದಲ್ಲಿ ನಿಂತಿದ್ದ ಮುದುಕಿಯೊಬ್ಬಳು ಶಿವಶಿವಾ ಅಂದು ಸೆರಗು ಎಳೆದುಕೊಂಡು ದೂರ ಸರಿದಳು. ಹುಡುಗಿ ಶಿವರತ್ನಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಹೊದಿಸಿದ ಶಾಲು ನೋಡಿದಳು, ಕೈಯಲ್ಲಿದ್ದ ಹಣ್ಣಿನ ಬುಟ್ಟಿ ನೋಡಿದಳು. ಅವಳ ಮೂಗು, ತುಟಿ, ಹುಬ್ಬು ಎಲ್ಲ ಹೇಸಿಗೆ ತುಳಿದವರ ಹಾಗೆ ಮುದುಡಿಕೊಂಡವು. ತಿರುಗಿ ಹೋಗಿ ತನ್ನ ಜೊತೆಯವರ ಕಿವಿಯಲ್ಲಿ ಏನೋ ಹೇಳಿದಳು. ಆ ನಾಲ್ವರೂ ತಿರುಗಿ ನೋಡಿದರು, ನೋಡಿ ಮುಖ ಆ ಕಡೆ ಮಾಡಿದರು.

“ಏನಮ್ಮಿ ಇದು, ಬಾಯ್ಗೆ ಬಂದಂಗೆ? ಕುಟ್ರ ಮರಿ ಮಾಡ್ಯದೆ ತಾನೆ?” ಎಂದ ಸದಾಶಿವಪ್ಪ.

“ಬಾಯಿ ಬುಟ್ರೆ ಬಣ್ಣಗೇಡು. ಮುಚ್ಕಂಡ್ ನಡೀರಿ” ಎಂದು ಶಿವರತ್ನಮ್ಮ ಹಣ್ಣಿನ ಬುಟ್ಟಿಯನ್ನು ಅವನ ಕೈಗೆ ತುರುಕಿದಳು.

ಭಾನುವಾರ ಯಾರೂ ಬರಲಿಲ್ಲ.